ತಟ್ಟೆಯಲ್ಲಿ ಗೆದ್ದ ಎಲೆ

ಪ್ರೀತಿಯ ಅಕ್ಕಾ,

ನೀನು ಕಳಿಸಿದ ಎಲೆಯ ಕಷಾಯ ತಲುಪಿತು, ಕುಡಿಯುವುದಿಲ್ಲ. "ಪೇಪರಲ್ಲೇ ಬಂದಿದೆ ಕಣೇ, ಈ ಎಲೆ ಸ್ತನದ ಗಡ್ಡೆ ಕರಗಿಸುತ್ತಂತೆ, ಆಸ್ಪತ್ರೆ ಬಿಡು" ಅಂದೆಯಲ್ಲ, ಆ ಪ್ರಯೋಗ ಮಾಡಿದ ಕೈ ನನ್ನದೇ. ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಎಲೆಯ ಸತ್ವ ಹಾಕಿದಾಗ ಕ್ಯಾನ್ಸರ್ ಕೋಶಗಳನ್ನು ಬೆಳೆಸುವ ಪ್ರೋಟೀನಿನ ಮಟ್ಟ ಇಳಿಯಿತು, ಕೋಶಗಳು ಸತ್ತವು, ನಿಜ. ಅದೇ ಸತ್ವ ಹಾಕಿದ ಪಕ್ಕದ ತಟ್ಟೆಯ ಆರೋಗ್ಯವಂತ ಕೋಶಗಳೂ ಸತ್ತವು. ಅದನ್ನು ಪೇಪರಿನವರು ಬರೆಯಲಿಲ್ಲ. ತಟ್ಟೆಯಲ್ಲಿ ಗೆದ್ದದ್ದೆಲ್ಲ ಹೊಟ್ಟೆಯಲ್ಲಿ ಗೆಲ್ಲುವುದಿಲ್ಲ, ತಾಯಿ.

ಕೂದಲು ಉದುರಿದರೂ ಕೆಲಸಕ್ಕೆ ಹೋಗುತ್ತಿದ್ದೇನೆ. ಬಾಚಣಿಗೆಗೆ ರಜೆ, ನನಗಿಲ್ಲ. ಸೋಮವಾರ ಮೂರನೆಯ ಕೀಮೋ. ಬೈಯುವುದಕ್ಕಾದರೂ ಬಾ. ನಾಲ್ಕು ಗಂಟೆ ಡ್ರಿಪ್ ಹಾಕಿಸಿಕೊಂಡು ಕೂತಿರುತ್ತೇನೆ, ಎದ್ದು ಓಡಿಹೋಗಲಾರೆ.

ಇಂತಿ ನಿನ್ನ ಮೊಂಡು
ತಂಗಿ