ಸೋರುವ ನಲ್ಲಿಯ ಕೆಳಗಿನ ಕೋತಿ ಹೂವು

ಪ್ರೀತಿಯ ಅತ್ತಿಗೆ,

ನಿಮ್ಮ ಪತ್ರ ತಲುಪಿತು. ನೀವು ಮತ್ತೆ ಮದುವೆಯಾಗುತ್ತಿರುವ ವಿಷಯವನ್ನು ಎರಡು ಸಾಲಿನಲ್ಲಿ ಮುಗಿಸಿ, ಕೋತಿ ಹೂವಿನ ಬೀಜ ಕೇಳುವುದಕ್ಕೆ ಇಡೀ ಪುಟ ತೆಗೆದುಕೊಂಡಿದ್ದೀರಿ. ಕೆಳಗೆ 'ನಿಮ್ಮ ಹಳೆಯ ಅತ್ತಿಗೆ' ಎಂಬ ಸಹಿ. ಅಮ್ಮನಿಗೆ ಓದಿ ಹೇಳುವಾಗ ಸಹಿಯನ್ನು ಬಿಟ್ಟೆ. ಅವಳು ಬಟ್ಟೆ ಮಡಿಸುತ್ತಿದ್ದಳು, ಮಡಿಸುತ್ತಲೇ ಇದ್ದಳು.

ಮೊದಲು ಬೀಜದ ವಿಷಯ. ಧೂಳಿನಷ್ಟು ಸಣ್ಣವು, ಉಸಿರು ಬಿಟ್ಟರೆ ಹಾರಿಹೋಗುತ್ತವೆ. ಒದ್ದೆ ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಮೇಲೆ ಮಣ್ಣು ಮುಚ್ಚಬಾರದು. ಬೆಳಕು ತಾಗದಿದ್ದರೆ ಮೊಳೆಯುವುದಿಲ್ಲ. ಇದು ನಿಮಗೆ ಗೊತ್ತಿರುವುದೇ. ಅಣ್ಣ ಮಾತ್ರ ಪ್ರತಿ ಸಲವೂ ಒಂದು ಹಿಡಿ ಮಣ್ಣು ಹಾಕುತ್ತಿದ್ದ. "ಮಕ್ಕಳನ್ನ ಮಲಗಿಸಿ ಹೊದಿಕೆ ಹಾಕದೆ ಬರ್ತಾರೇನೇ?" ಎಂದು ನನ್ನನ್ನೇ ಗದರುತ್ತಿದ್ದ. ಕುಂಡಗಳೆಲ್ಲ ಬೋಳಾಗಿಯೇ ಉಳಿದವು. ಕೊನೆಗೆ ಉಳಿದ ಬೀಜದ ಪೊಟ್ಟಣ ನಿಮ್ಮ ಕೈಜಾರಿ ಹಿತ್ತಲಿನ ಸೋರುವ ನಲ್ಲಿಯ ಕೆಳಗೆ ಚೆಲ್ಲಿತು. ಪೊರಕೆ ತರಲು ಒಳಗೆ ಹೋದವರು ಅದನ್ನು ಮರೆತೇ ಬಿಟ್ಟಿರಿ. ನಿಮ್ಮ ಮರೆವಿನಿಂದ ಈ ಮನೆಗೆ ಆದ ಒಂದೇ ಉಪಕಾರ ಅದು. ಸ್ವಲ್ಪ ದಿನದಲ್ಲಿ ಅಲ್ಲಿ ಹಸಿರು, ಆಮೇಲೆ ಗಂಟಲಲ್ಲಿ ಕೆಂಪು ಚುಕ್ಕೆಯಿದ್ದ, ಥೇಟ್ ಕೋತಿಮರಿಗಳಂಥ ಹಳದಿ ಮುಖಗಳು.

"ಪೂರ್ವಜರು ಬಂದಿದಾರೆ, ಯಾರಾದ್ರೂ ಕಾಫಿ ಕೊಡ್ರೋ!" ಎಂದು ಅಣ್ಣ ಕೂಗಿದ. "ನಿನ್ನ ಮುಖಾನೇ ಹೊತ್ಕೊಂಡು ಬಂದಿವೆ," ಎಂದಳು ಅಮ್ಮ.

ಆ ನಲ್ಲಿ ಇನ್ನೂ ಸೋರುತ್ತಿದೆ. ಅಣ್ಣ ತೀರಿಕೊಂಡು, ನೀವು ಕೆಲಸದ ಊರಿಗೆ ಹೋದ ಮೇಲೆ ಪ್ಲಂಬರ್ ಬಂದಿದ್ದ. ಮನೆಯ ನಲ್ಲಿಗಳನ್ನೆಲ್ಲ ಸರಿಮಾಡಿಸಿದ ಅಮ್ಮ, "ಅದೊಂದು ಬಿಡಪ್ಪ, ಸೋರ್ಲಿ," ಎಂದಳು.

ಅಮ್ಮ ಒಪ್ಪಿದಳೇ ಎಂದು ನೀವು ಎಲ್ಲಿಯೂ ಕೇಳಿಲ್ಲ. ಆದರೆ ಆ ಇಡೀ ಪುಟದಲ್ಲಿ ನೀವು ಕೇಳಿರುವುದು ಅದನ್ನೇ. ಅವಳು ಒಪ್ಪದಿದ್ದರೂ ಮದುವೆ ನಡೆಯುತ್ತದೆ, ನಡೆಯಬೇಕು ಕೂಡ. ಆದರೆ ನೀವು ಈ ಮನೆಗೆ ಬರುವುದು ನಿಂತುಹೋಗುತ್ತದೆ. ನನಗಿದ್ದ ಭಯ ಅದೊಂದೇ. ಪತ್ರ ಬಂದಾಗಿನಿಂದ ಅವಳು ನಿಮ್ಮ ಹೆಸರೆತ್ತಿರಲಿಲ್ಲ, ನಾನೂ ಕೆದಕಲಿಲ್ಲ.

ನಿನ್ನೆ ಒಣಗಿದ ಕಾಯಿ ಬಿಡಿಸಲು ಹಿತ್ತಲಿಗೆ ಹೋದೆ. ಅಮ್ಮ ಹಿಂದೆಯೇ ಬಂದಳು.

"ಏನ್ ಮಾಡ್ತಿದೀಯ?"

"ಅತ್ತಿಗೆಗೆ ಬೀಜ ತೆಗೀತಿದೀನಿ."

ಕಾಯಿಗಳನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಬೀಜ ಯಾಕೆ? ಮೊಳೆಯೋವರೆಗೂ ಕಾಯೋ ತಾಳ್ಮೆ ಅವಳಿಗೆಲ್ಲಿದೆ? ಅವಳನ್ನ ಕಟ್ಕೊಳ್ಳೋ ಆ ಮಹಾರಾಯನೂ ನನ್ನ ಮಗನ ಹಾಗೆ ಮೇಲೆ ಮಣ್ಣು ಸುರಿದ್ರೆ?"

ಮಂಡಿನೋವನ್ನು ಬೈದುಕೊಳ್ಳುತ್ತಲೇ ಬಗ್ಗಿ, ಒದ್ದೆ ನೆಲಕ್ಕೆ ತಾಗಿ ಗೆಣ್ಣಿನಲ್ಲಿ ಬೇರು ಬಿಟ್ಟಿದ್ದ ಕಡ್ಡಿಗಳನ್ನು ಒಂದೊಂದಾಗಿ ಬಿಡಿಸಿದಳು. ಹಸಿ ಬಟ್ಟೆಯಲ್ಲಿ ಸುತ್ತಿ, ತನ್ನ ಸ್ಟೀಲ್ ಡಬ್ಬಿಯಲ್ಲಿಟ್ಟಳು. ಯಾರಿಗೂ ಕೊಡದ ಆ ಡಬ್ಬಿ ನಿಮಗೆ ಗೊತ್ತು.

"ಡಬ್ಬಿ ವಾಪಸ್ ಬೇಕು ಅಂತ ಬರಿ," ಎಂದಳು. "ಪೋಸ್ಟಲ್ಲಿ ಕಳಿಸೋದು ಬೇಡ. ಅವಳೇ ತರ್ಲಿ. ಅವನನ್ನೂ ಕರ್ಕೊಂಡು ಬರ್ಲಿ."

ಕಡ್ಡಿಗಳನ್ನು ಅರೆನೆರಳಿನಲ್ಲಿ, ತೇವ ಆರದ ಕಡೆ ನೆಡಿ. ಹೊಸ ಮನೆಯಲ್ಲಿ ಸೋರುವ ನಲ್ಲಿ ಇಲ್ಲದಿದ್ದರೆ ಒಂದನ್ನು ಸಡಿಲ ಮಾಡಿಕೊಳ್ಳಿ. ಸಹಿಯಲ್ಲಿ 'ಹಳೆಯ' ಎಂಬ ಪದ ಇನ್ನು ಬೇಡ. ಇಬ್ಬರೂ ತಂಪಾಗಿ ಬಾಳಿ, ಡಬ್ಬಿ ಮರೆಯಬೇಡಿ.

ನಿಮ್ಮ ನಾದಿನಿ