ಎಂಟು ಫೋಟೋಗಳಲ್ಲಿ ಒಂದೇ ಗಡಿಯಾರ

ನೂರ್‌ಹೈಮ್, ಸಸ್ಕ್ಯಾಚುವಾನ್
ಜೂನ್ 1976

ನನ್ನ ರಾಗ್ನಿಲ್ಡ್ ಅಜ್ಜೀ,

ನೀನು ಹೋಗಿ ಇಪ್ಪತ್ತು ವರ್ಷವಾದ ಮೇಲೆ ನಿನ್ನ ಗುಟ್ಟು ನನ್ನ ಕೈಗೆ ಸಿಕ್ಕಿದೆ. ಬೈಯಲು ಬರೆಯುತ್ತಿಲ್ಲ. ಬೆರಗಾಗಿ ಕೂತಲ್ಲೇ ಕೂತಿದ್ದೇನೆ, ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಊರಿಗೆ ಎಪ್ಪತ್ತು ತುಂಬಿತೆಂದು ಸಭಾಭವನದಲ್ಲಿ ಹಳೆಯ ಫೋಟೋಗಳನ್ನು ತೂಗುಹಾಕುತ್ತಿದ್ದೇವೆ. ಅಡಿಯಲ್ಲಿ ಹೆಸರು ಬರೆಯುವ ಕೆಲಸ ನನ್ನದು. 1911ರ ಜೂನ್‌ನಲ್ಲಿ ಕುದುರೆಗಾಡಿಯಲ್ಲಿ ಬಂದ ಫೋಟೋದವನು ತೆಗೆದ ಎಂಟು ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದೆ. ಎಲ್ಲದರಲ್ಲೂ ಹುಲ್ಲುಬೇರಿನ ಸಮೇತ ಕಡಿದ ಮಣ್ಣುಹೆಂಟೆಯ ಗೋಡೆಯ ಮನೆ, ಅಂಗಳಕ್ಕೆ ತಂದಿಟ್ಟ ಸಾಮಾನು, ಉಸಿರು ಬಿಗಿಹಿಡಿದು ನಿಂತ ಜನ. ನಾರ್ವೆಯಲ್ಲಿದ್ದ ಹೆತ್ತವರಿಗೆ ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ತೋರಿಸಬೇಕಿತ್ತಲ್ಲ. ಆದರೆ ಎಂಟು ಮನೆಗೂ ಅದೇ ಗಡಿಯಾರ, ಅದೇ ಹೊಲಿಗೆ ಯಂತ್ರ, ಅದೇ ಕಸೂತಿ ಹಾಸು! ಮಹಾ ಕಿಲಾಡಿಗಳು ನೀವು. ಕಡಲಾಚೆಯ ಎಂಟು ತಾಯಂದಿರು ನೆಮ್ಮದಿಯಾಗಿರಲಿ ಎಂದು ಊರಿಗೆ ಊರೇ ಸೇರಿ ಸುಳ್ಳು ಹೇಳಿದ್ದೀರಿ. ಒಬ್ಬಳೇ ಕೂತು ನಕ್ಕೆ.

ಆಮೇಲೆ ನಿನ್ನ ಫೋಟೋ. ತೊಡೆಯ ಮೇಲಿರುವುದು ಎಳವೆಯಲ್ಲೇ ಹೋದ ನಿನ್ನ ಚೊಚ್ಚಲ ಮಗ ಎಂದೇ ನಾವೆಲ್ಲ ನಂಬಿದ್ದೆವು. ಎಮಿಲ್ ಎಂದು ಚೀಟಿಯನ್ನೂ ಬರೆದೆ. ಹುಟ್ಟಿದ ದಿನ ನೋಡೋಣವೆಂದು ಚರ್ಚಿನ ಪುಸ್ತಕ ತೆರೆದರೆ, ಫೋಟೋ ತೆಗೆಯುವುದಕ್ಕೆ ನಾಲ್ಕು ತಿಂಗಳ ಮೊದಲೇ, ಆ ಫೆಬ್ರವರಿಯಲ್ಲೇ, ಎಮಿಲ್ ತೀರಿಕೊಂಡಿದ್ದ.

ಫೋಟೋ ಹಿಡಿದು, ನಿನ್ನ ಪಕ್ಕದ ಹೊಲದ ಥೋರಾಳ ಮಗ ನಿಲ್ಸ್‌ನ ಹತ್ತಿರ ಹೋದೆ. ಅರವತ್ತಾರರ ಮುದುಕ ತನ್ನ ಅಗಲ ಕಿವಿ ಮುಟ್ಟಿಕೊಂಡ. "ಇಂಥಾ ಕಿವಿ ಈ ಊರಲ್ಲಿ ಇನ್ಯಾರಿಗಿದೆ ಹೇಳು? ಅದು ನಾನೇ ಕಣೆ. ಮಗು ಹೋಯ್ತು ಅಂತ ತಾಯಿಗೆ ಬರೆಯೋಕೆ ನಿಮ್ಮಜ್ಜಿ ಕೈಲಿ ಆಗ್ಲಿಲ್ಲವಂತೆ. ನಮ್ಮ ಗಡಿಯಾರದ ಜೊತೆ ನನ್ನನ್ನೂ ಎರವಲು ಕೇಳಿದ್ಲಂತೆ. ಗಡಿಯಾರ ಮಧ್ಯಾಹ್ನಕ್ಕೇ ವಾಪಸ್ ಬಂತು, ನಾನು ಬಂದಿದ್ದು ಸಂಜೆಗೆ. ನಮ್ಮಮ್ಮ ಕೇಳೋಕೂ ಹೋಗ್ಲಿಲ್ಲ."

ಅಜ್ಜೀ, ಆ ಮಧ್ಯಾಹ್ನವೆಲ್ಲ ಅವನನ್ನು ಎತ್ತಿಕೊಂಡು ಏನು ಮಾಡಿದೆ? ಹಾಡಿದೆಯಾ, ಸುಮ್ಮನೆ ಕೂತಿದ್ದೆಯಾ? ನಿನ್ನ ಕೈ ತಿಂಡಿ ತಿಂದು ಬೆಳೆದ ನನಗೆ ಒಂದು ದಿನವೂ ಗೊತ್ತಾಗಲಿಲ್ಲ.

ಚೀಟಿಯ ಮೇಲೆ ಏನು ಬರೆಯಲಿ ಎಂದು ನಿಲ್ಸ್‌ನನ್ನು ಕೇಳಿದೆ. ಸುಳ್ಳು ಬರೆಯಲು ಮನಸ್ಸಿಲ್ಲ, ನಿಜ ಬರೆದರೆ ನೀನು ಬದುಕಿಡೀ ಬಚ್ಚಿಟ್ಟಿದ್ದನ್ನು ಊರೆಲ್ಲ ಓದುತ್ತದೆ. ಅವನು ಫೋಟೋವನ್ನು ನನ್ನತ್ತ ಸರಿಸಿದ. "ಎಮಿಲ್ ಅಂತಲೇ ಇರ್ಲಿ ಬಿಡು. ನಂದು ಬೇಕಾದಷ್ಟು ಫೋಟೋ ಇದೆ. ಅವನದು ಒಂದೂ ಇಲ್ವಲ್ಲ."

ಹೆಸರು ಹಾಗೇ ಇದೆ. ನಾಳೆ ಬೆಳಿಗ್ಗೆ ಅಂಟಿಸುತ್ತೇನೆ.

ನೀನಿರುವಲ್ಲಿ ಎಮಿಲ್ ನಿನ್ನ ತೊಡೆಯ ಮೇಲೆ ಕೂತಿರಲಿ, ಅಜ್ಜೀ. ಸಂಜೆಯಾಯಿತೆಂದು ಅವನನ್ನು ಯಾರಿಗೂ ವಾಪಸ್ ಕೊಡಬೇಕಾಗಿಲ್ಲ.

ನಿನ್ನ ಮೊಮ್ಮಗಳು,
ಸಿಗ್ನೆ