ನುಗ್ಗೆಮರಕ್ಕೆ ಕಂಬಳಿಹುಳು

ಮಾರ್ಚ್ ೨೭, ಗುರುವಾರ. ಬೆಳಿಗ್ಗೆ

ಮತ್ತೆ ಇರುವೆ. ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಟ್ಟಿದ್ದೆ, ತಟ್ಟೆಯೇ ಒಣಗಿದೆ. ಹೊಸ್ತಿಲಿಗೆ ಇರುವೆ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ. ಬಚ್ಚಲ ಜಾಲರಿಗೆ ನುಸಿಗುಳಿಗೆ. ಹಿತ್ತಲಲ್ಲಿ ಬಕೆಟ್ಟು, ತೆಂಗಿನ ಚಿಪ್ಪು ಎಲ್ಲ ಮಗುಚಿಟ್ಟೆ — ಸೊಳ್ಳೆಗೆ. ಸೌದೆ ರಾಶಿಯನ್ನು ಗೋಡೆಯಿಂದ ಈಚೆಗೆ ಸರಿಸಿದೆ. ಹೋದ ಬೇಸಿಗೆಯಲ್ಲಿ ಅದರ ಕೆಳಗೇ ಚೇಳು ಸಿಕ್ಕಿದ್ದು.

ಇವರು ಕಾರ್ಖಾನೆಗೆ ಹೊರಡುತ್ತ, "ಮನೆ ಕಾಯ್ತಿದೀಯೋ ಕೋಟೆ ಕಾಯ್ತಿದೀಯೋ ಶ್ಯಾಮಲಾ?" ಎಂದರು. ಹದಿನೈದು ವರ್ಷದಿಂದ ಇದೇ ತಮಾಷೆ. ಆದರೂ ನಗು ಬಂತು.

ಸಂಜೆ

ನುಗ್ಗೆಮರಕ್ಕೆ ಕಂಬಳಿಹುಳು ಬಿದ್ದಿದೆ. ಕಾಂಡವೇ ಕಾಣದಷ್ಟು. ಒಂದರ ಮೇಲೊಂದು ಅಂಟಿಕೊಂಡು ಉಸಿರಾಡುತ್ತಿರುವ ಹಾಗೆ... ಮೈ ಜುಮ್ಮೆಂದಿತು.

ಕೋಲಿಗೆ ಹಳೇ ಬಟ್ಟೆ ಸುತ್ತಿ, ಡೀಸೆಲ್ಲಿನಲ್ಲಿ ಅದ್ದಿ ಪಂಜು ಮಾಡಿದೆ. ಪಕ್ಕದ ಮನೆ ಅನಸೂಯಕ್ಕ ಗೋಡೆಯಾಚೆ ನೀರಿನ ಬಕೆಟ್ ಹಿಡಿದು ನಿಂತಳು. ಬೆಂಕಿ ತಾಗಿದ ಕೂಡಲೇ ಹುಳುಗಳು ಪಟಪಟ ಉದುರಿದವು. ಗಾಳಿ ಬೇರೆ. ಅವಳ ಮೊಮ್ಮಗಳು ಲಿಖಿತ ಒಗೆಯುವ ಕಲ್ಲು ಹತ್ತಿ ನಿಂತು ಕುಣಿಯುತ್ತಿದ್ದಳು. "ಶ್ಯಾಮಲಜ್ಜೀ, ಅಗೋ ಅಲ್ಲೊಂದು ಓಗ್ತಾ ಅದೆ! ಬಿಡ್ಬೇಡಿ!"

ಅನಸೂಯಕ್ಕ ತನ್ನೂರಿನ ತೋಟದಿಂದ ತಂದ ಕೊಂಬೆ ಅದು. ಈ ಮನೆಗೆ ನಾವು ಬಂದ ವರ್ಷ ಇಬ್ಬರೂ ಸೇರಿ ನೆಟ್ಟಿದ್ದು. ಈಗ ಇಡೀ ಬೀದಿಯ ಸಾರಿಗೆ ಅದರದೇ ಕಾಯಿ. ಹುಳುವಿಗೆ ಬಿಟ್ಟುಕೊಡುವವಳಲ್ಲ ನಾನು.

ಏಪ್ರಿಲ್ ೧, ಮಂಗಳವಾರ

ಯುಗಾದಿಗೆ ಲಿಖಿತ ಬರಲೇ ಇಲ್ಲ. ಒಬ್ಬಟ್ಟು ತೆಗೆದುಕೊಂಡು ನಾನೇ ಹೋದೆ. ಅನಸೂಯಕ್ಕ ಬಾಗಿಲಲ್ಲೇ ತಡೆದಳು. "ಮಗೀಗೆ ಕಣ್ ಬಂದದೆ ಕಣೆ. ಮದ್ರಾಸ್ ಐ. ಇಸ್ಕೂಲಲ್ಲಿ ಎಲ್ರುಗೂ ಅದೆ. ನೀನ್ ಒಳೀಕ್ ಬರ್ಬೇಡ, ಅಂಟ್ಕತ್ತದೆ."

ಪಾಪ, ಮಗು. ಒಳಗಿನಿಂದ ಅಳು ಕೇಳಿಸುತ್ತಿತ್ತು.

ಕಣ್ಣಿಗೆ ನುಗ್ಗೆಸೊಪ್ಪಿಗಿಂತ ಒಳ್ಳೆಯದು ಯಾವುದಿದೆ? ಹುಳು ಮುಟ್ಟದ ಮೇಲಿನ ಕೊಂಬೆಯಿಂದ ಕೊಯ್ದು, ಎರಡು ಮೂರು ನೀರಲ್ಲಿ ತೊಳೆದು, ಪಲ್ಯ ಮಾಡಿ ಗೋಡೆ ಮೇಲಿಂದ ಕೊಟ್ಟೆ. ಅನಸೂಯಕ್ಕ ಕೈಯೊಡ್ಡಿ ತೆಗೆದುಕೊಂಡಳು. "ನಿನ್ ಕೈ ತಣ್ಣಗಿರ್ಲಿ" ಎಂದಳು.

ಏಪ್ರಿಲ್ ೪, ಶುಕ್ರವಾರ

ಹುಳು ಮತ್ತೆ. ರಾಬರ್ಟ್‌ಸನ್‌ಪೇಟೆಯಿಂದ ಬೇವಿನೆಣ್ಣೆ ತಂದು ಸೋಪಿನ ನೀರಲ್ಲಿ ಕಲಕಿ ಹೊಡೆದೆ. ಕೈಯೆಲ್ಲ ದದ್ದು, ತುರಿಕೆ. ಸೆರಗಿನಿಂದ ಮೂಗು ಕಟ್ಟಿಕೊಂಡಿದ್ದೆ.

ಮಗುವಿಗೆ ದಿನವೂ ಸೊಪ್ಪು ಕೊಡುತ್ತಿದ್ದೇನೆ. ಒಂದು ದಿನ ಪಲ್ಯ, ಒಂದು ದಿನ ಮೊಟ್ಟೆ ಹಾಕಿ ಹುರಿದದ್ದು. ಪಾತ್ರೆ ತೊಳೆದು ವಾಪಸ್ ಬರುತ್ತದೆ. ತಿನ್ನುತ್ತಿದ್ದಾಳಲ್ಲ, ಅಷ್ಟೇ ಸಾಕು.

ಇವತ್ತು ಕಿಟಕಿಯಲ್ಲಿ ಕಂಡಳು. ಕಪ್ಪು ಕನ್ನಡಕ. ಕೈ ಬೀಸಿದೆ. ಅವಳ ಅಮ್ಮ ಸುಮಿತಾ ಬಂದು ಪರದೆ ಎಳೆದಳು. ಅಂಟುವ ಭಯ ಇರಬೇಕು.

ಏಪ್ರಿಲ್ ೯, ಬುಧವಾರ

ಬಂಗಾರಪೇಟೆಯಿಂದ ತಂಗಿ ಸಹನಳ ಫೋನು. "ಬಿಸಿಲು ಚೆನ್ನಾಗಿದೆ, ಸಂಡಿಗೆ ಹಾಕೋಣ ಬಾಕ್ಕ. ಒಬ್ಬಳಿಗೇ ಆಗಲ್ಲ." ಪ್ರತಿವರ್ಷ ಮಾರ್ಕೆಟ್ಟಿನಿಂದ ತರುವವಳು! ಹೇಗೆ ಹೋಗಲಿ, ಮರ ಈ ಸ್ಥಿತಿಯಲ್ಲಿದೆ ಎಂದೆ. ಇವರು ಪಕ್ಕದಲ್ಲೇ ಇದ್ದರು. "ಹೋಗಿ ಬಾ. ಹುಳುವಿಗೆ ಔಷಧಿ ಹೊಡೆಯೋರು ಒಬ್ಬರು ಗೊತ್ತು. ನೀನಿಲ್ಲದಿದ್ರೇ ಒಳ್ಳೇದು, ನಿಂಗೆ ವಾಸನೆ ಆಗಲ್ಲ."

ಇಷ್ಟು ಕಾಳಜಿ ಇದೆಯಲ್ಲ ಎಂದು ಸಂತೋಷವಾಯಿತು.

ಏಪ್ರಿಲ್ ೧೦, ಗುರುವಾರ. ಬಂಗಾರಪೇಟೆ

ಬಸ್‌ಸ್ಟ್ಯಾಂಡಿನವರೆಗೂ ಅನಸೂಯಕ್ಕ ಬಂದಿದ್ದಳು. ಬೇಡವೆಂದರೂ ಬಿಡಲಿಲ್ಲ. ದಾರಿಗೆಂದು ಮಜ್ಜಿಗೆ ಬಾಟಲಿ ಕೊಟ್ಟಳು. ಕಿಟಕಿಯ ಹತ್ತಿರ ನಿಂತು, "ಎಲ್ಡ್ ದಿನ ಇದ್ದು ನೆಮ್ಮದಿಯಾಗಿ ಬಾರೆ" ಎಂದಳು. ಕಣ್ಣು ತುಂಬಿತ್ತು. ಮಗುವಿನ ಚಿಂತೆ ಎಂದುಕೊಂಡೆ.

ಇಲ್ಲಿ ಅಕ್ಕಿಯನ್ನೇ ನೆನೆಹಾಕಿಲ್ಲ. "ನಾಳೆ ಮಾಡೋಣ ಬಿಡು" ಎನ್ನುತ್ತಾಳೆ ಸಹನ. ಸಂಜೆ ಪಾನಿಪುರಿ ತಿನ್ನಿಸಿದಳು. ಫೋನ್ ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಾಳೆ.

ಏಪ್ರಿಲ್ ೧೨, ಶನಿವಾರ

ಮರ ಇಲ್ಲ.

ಏಪ್ರಿಲ್ ೧೩, ಭಾನುವಾರ

ನಿನ್ನೆ ಬರೆಯಲು ಆಗಲಿಲ್ಲ.

ಗೇಟು ತೆಗೆದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಹಿತ್ತಲಿನ ತುಂಬ ಬಿಸಿಲು. ಬುಡಕ್ಕೆ ಕೊಯ್ದಿದ್ದಾರೆ. ಮತ್ತೆ ಚಿಗುರದಿರಲಿ ಎಂದು ಸುತ್ತ ಕಲ್ಲುಪ್ಪು ಸುರಿದಿದ್ದಾರೆ. ಮೂಲೆಯಲ್ಲಿ ಒಂದು ಎಳೆ ಕಾಯಿ ಬಿದ್ದಿತ್ತು.

"ಹುಳ ಜಾಸ್ತಿಯಾಯ್ತು" ಎಂದರು ಇವರು.

"ಔಷಧಿ ಹೊಡೆಸ್ತೀನಿ ಅಂದಿದ್ರಿ."

"ಹೇಳಿದ್ರೆ ನೀನು ಕಡಿಯೋಕೆ ಬಿಡ್ತಿದ್ದಾ?"

ಸಹನಳಿಗೆ ಫೋನ್ ಮಾಡಿದೆ. ಮೊದಲು ಅತ್ತಳು, ಆಮೇಲೆ, "ಭಾವ ಹೇಳಿದ್ರು ಅಕ್ಕ, ನಾನೇನು ಮಾಡ್ಲಿ" ಎಂದಳು. ಅವಳಿಗೂ ಗೊತ್ತಿತ್ತು.

ಸಂಜೆ

ಅನಸೂಯಕ್ಕನಾದರೂ ತಡೆಯಬಾರದಿತ್ತೇ ಎಂದು ಕೇಳಲು ಹೋದೆ. ಅವಳು ಹಾಲು ಹಾಕಲು ಡೈರಿಗೆ ಹೋಗಿದ್ದಳು. ಸುಮಿತಾ ಇದ್ದಳು.

"ಅತ್ತೆ ನಿಮ್ಗೆ ಏನೂ ಹೇಳಿಲ್ವಾ ಆಂಟಿ?"

"ಏನನ್ನ?"

ಅವಳು ಕೂತುಕೊಳ್ಳಿ ಎಂದಳು. ನಾನು ಕೂರಲಿಲ್ಲ.

ಮದ್ರಾಸ್ ಐ ಅಲ್ಲವಂತೆ. ಕಂಬಳಿಹುಳುವಿನ ಕೂದಲು. ನಾನು ಪಂಜು ಹಿಡಿದ ಸಂಜೆಯೇ ಮಗು ಕಣ್ಣುಜ್ಜಿಕೊಳ್ಳಲು ಶುರುಮಾಡಿತಂತೆ. ಗಾಳಿಗೆ ಹಾರಿ ಹೋಗಿ ಕೂತಿವೆ. ಕೋಲಾರದ ಕಣ್ಣಾಸ್ಪತ್ರೆಯಲ್ಲಿ ಒಂದೊಂದಾಗಿ ತೆಗೆದರಂತೆ. ಒಂದು ಮಾತ್ರ ಒಳಗೆ ಇಳಿದಿದೆ. ಅದು ಇನ್ನೂ ಒಳಕ್ಕೆ ಹೋದರೆ ದೃಷ್ಟಿಗೇ ಅಪಾಯ, ಕಾದು ನೋಡಬೇಕು ಎಂದಿದ್ದಾರಂತೆ.

"ಮರ ಇದ್ರೆ ನಾನು ಮಗೂನ ಕರ್ಕೊಂಡು ತವರಿಗೆ ಹೋಗ್ತೀನಿ ಅಂದೆ ಆಂಟಿ. ತಪ್ಪಾ?"

ತಪ್ಪಲ್ಲ ಎಂದೆ. ಹೇಗೆ ಮನೆಗೆ ಬಂದೆನೋ ಗೊತ್ತಿಲ್ಲ.

ನನ್ನ ಕೈಯಿಂದಲೇ ಆಗಿದ್ದು. ಬೀದಿಗೆಲ್ಲ ಗೊತ್ತು, ಇವರಿಗೆ ಗೊತ್ತು. ನಾನೊಬ್ಬಳೇ ದಿನವೂ ಬಟ್ಟಲು ಹಿಡಿದುಕೊಂಡು, ಅದೇ ಮರದ ಸೊಪ್ಪು, ಅದೇ ಕಣ್ಣಿಗೆ...

ಏಪ್ರಿಲ್ ೧೪, ಸೋಮವಾರ

ಬೆಳಿಗ್ಗೆ ಅನಸೂಯಕ್ಕ ತಾನೇ ಬಂದಳು. ಅಡುಗೆಮನೆ ಬಾಗಿಲಲ್ಲಿ ನಿಂತಳು. ನಾನು ಪಾತ್ರೆ ಉಜ್ಜುತ್ತಲೇ ಇದ್ದೆ.

"ಯಾಕಕ್ಕ ಹೇಳ್ಲಿಲ್ಲ?"

"ಎಂಗ್ ಯೇಳ್ಲೇ? ನೀನ್ ಬಟ್ಲು ಇಡ್ಕೊಂಡ್ ಬತ್ತಿದ್ದೆ. ನಿನ್ ಮಕ ನೋಡಿದ್ರೆ ಬಾಯೇ ಬರ್ತಿರ್ಲಿಲ್ಲ. ನೀನ್ ಎದೆ ಒಡ್ಕೊಂಡ್ ಸಾಯ್ತೀಯ ಅಂತ ಬಯ ಆಯ್ತು."

"ಸೊಪ್ಪು ಏನು ಮಾಡಿದೆ?"

ಅವಳು ಹಿತ್ತಲ ಕಡೆ ತಿರುಗಿದಳು.

"ಮಗು ತಿಂತಾ?"

"ಸುಮಿತಾ ಮುಟ್ಟೋಕೇ ಬಿಡ್ಲಿಲ್ಲ ಕಣೆ. ಅಸೂಗೆ ಆಕ್ದೆ."

ಪಾತ್ರೆ ಕೈಯಿಂದ ಜಾರಿತು. ಬೈದಿದ್ದರೆ ಸಹಿಸುತ್ತಿದ್ದೆ. ಗೋಡೆ ಹತ್ತಿರ ನಿಂತು ಇಡೀ ಬೀದಿಗೆ ಕೇಳುವಂತೆ ಬೈಯಬಹುದಿತ್ತು. ಅದೇ ಕ್ಷಣ ಕೊಡಲಿ ತೆಗೆದುಕೊಂಡು ನಾನೇ ಕಡಿಯುತ್ತಿದ್ದೆ. ಮಗುವಿನ ಪಕ್ಕ ಕೂತು ಆಸ್ಪತ್ರೆಗೆ ಹೋಗುತ್ತಿದ್ದೆ. ಅದಕ್ಕೂ ನಾನು ಲಾಯಕ್ಕಲ್ಲವೆಂದು ನೀವೆಲ್ಲ ತೀರ್ಮಾನ ಮಾಡಿದಿರಿ. ನನ್ನನ್ನು ಬಸ್ಸು ಹತ್ತಿಸಿ, ಮಜ್ಜಿಗೆ ಕೊಟ್ಟು, ಕಣ್ಣೀರು ಹಾಕಿ...

ಇದಿಷ್ಟನ್ನೂ ಅವಳಿಗೆ ಹೇಳಿದೆ.

"ನಿಂಗೆ ನೋವಾಗ್ದೆ ಇರ್ಲಿ ಅಂತ ಮಾಡಿದ್ದು" ಎಂದಳು.

"ಹೋಗಕ್ಕ" ಎಂದೆ. ಹೋದಳು.

ಏಪ್ರಿಲ್ ೧೬, ಬುಧವಾರ

ಇವರು ಬುಡದ ಜಾಗಕ್ಕೆ ಸಿಮೆಂಟ್ ಹಾಕಿಸೋಣವೇ ಎಂದು ಕೇಳಿದರು. ಏನಾದರೂ ಮಾಡಿಕೊಳ್ಳಿ ಎಂದೆ. ಔಷಧಿ, ಪಂಜು, ಬೇವಿನೆಣ್ಣೆ... ಯಾವುದರ ತಂಟೆಗೂ ಹೋಗಿಲ್ಲ. ಇರುವೆ ಅಡುಗೆಕಟ್ಟೆ ದಾಟಿ ದೇವರಮನೆಯವರೆಗೂ ಬಂದಿದೆ. ಬರಲಿ.

"ಒಂದು ಮರಕ್ಕೆ ಇಷ್ಟೊಂದಾ ಶ್ಯಾಮಲಾ?"

ಮರಕ್ಕಲ್ಲ ಎಂದರೆ ಇವರಿಗೆ ಅರ್ಥವಾಗುವುದಿಲ್ಲ.

ಏಪ್ರಿಲ್ ೨೯, ಮಂಗಳವಾರ

ಬೆಳಿಗ್ಗೆ ಅನಸೂಯಕ್ಕ, ಸುಮಿತಾ, ಮಗು ಮೂವರೂ ಕೋಲಾರಕ್ಕೆ ಆಟೋ ಹತ್ತಿದ್ದನ್ನು ಕಿಟಕಿಯಿಂದ ನೋಡಿದೆ. ಮಗು ನಮ್ಮ ಮನೆ ಕಡೆ ತಿರುಗಿತು. ನನ್ನನ್ನು ಯಾರೂ ಕರೆಯಲಿಲ್ಲ. ನಾನೂ ಬರುತ್ತೇನೆ ಎನ್ನಲಿಲ್ಲ. ಮಧ್ಯಾಹ್ನ ಊಟ ಸೇರಲಿಲ್ಲ.

ಏಪ್ರಿಲ್ ೩೦, ಬುಧವಾರ

ಗೋಡೆಯಾಚೆಯಿಂದ ಅನಸೂಯಕ್ಕ ಕೂಗಿದಳು. ಅಷ್ಟು ದಿನದ ಮೇಲೆ ಮೊದಲ ಸಲ.

"ಶ್ಯಾಮಲಾ, ವಾಸಿಯಾಯ್ತು ಕಣೆ! ಆ ಕೂದ್ಲು ಇನ್ನೂ ಒಳೀಕ್ ಓಗಿಲ್ವಂತೆ, ತೆಗ್ದಾಕ್ಬುಟ್ರು. ಇನ್ಮ್ಯಾಲೆ ಬರೋದೇ ಬೇಡ ಅಂದ್ರು ಡಾಕ್ಟ್ರು."

ನಗುತ್ತಿದ್ದಳು. ಬಸ್ಸಿನ ಕಿಟಕಿಯ ಹತ್ತಿರ ನಿಂತಿದ್ದ ಮುಖವೇ. ಸೊಪ್ಪಿನ ಬಟ್ಟಲಿಗೆ ಕೈಯೊಡ್ಡುತ್ತಿದ್ದಾಗಲೂ ಇದೇ ಮುಖ.

"ಒಳ್ಳೇದಾಯ್ತಕ್ಕ" ಎಂದೆ. ಒಳಗೆ ಬಂದು ದೇವರ ಮುಂದೆ ದೀಪ ಹಚ್ಚಬೇಕೆಂದು ಹೋದೆ. ಕಡ್ಡಿ ಗೀರಲು ಕೈ ಏಳಲಿಲ್ಲ. ನಿಜವಿರಬಹುದು. ನಿಜವೇ ಇರಬೇಕು. ನನಗೆ ನೋವಾಗದಿರಲಿ ಎಂದು ಸುಳ್ಳು ಹೇಳಿದ್ದರೂ... ಹೀಗೇ ನಗುತ್ತ ಹೇಳುತ್ತಿದ್ದಳಲ್ಲವೇ?

ಸುಮಿತಾಳ ನಂಬರು ಇದೆ. ಕೇಳಿದರೆ, ಅತ್ತೆಯ ಮಾತು ನಾನು ನಂಬಲಿಲ್ಲವೆಂದು ಇಬ್ಬರಿಗೂ ಗೊತ್ತಾಗುತ್ತದೆ. ಕೇಳದೇ ಇದ್ದರೆ —